ಮಜ್ಜಿಗೆಯಲ್ಲಿ ಮದ್ದು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹೆಸರು ತುಂಗಾ. ಕುಷ್ಟಗಿಯಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಊಟಕ್ಕೆ ಬಂದವರಿಗೆಲ್ಲ ಹೇಳಿದ್ದೇನೆ, ಸಿಲಿಂಡರ್ ತಂದವನಿಗೆ ಎರಡು ಸಲ ಹೇಳಿದ್ದೇನೆ. ಆದರೆ ಈ ಮಗು ನನ್ನ ಮನೆಯಲ್ಲಿ ಬೆಳೆಯುತ್ತದೋ ಇಲ್ಲವೋ ಎನ್ನುವ ಮಟ್ಟಕ್ಕೆ ಒಮ್ಮೆ ಮಾತು ಹೋಗಿತ್ತು. ಹಾಗೆ ಮಾಡಿದವಳು ನಾನೇ. ಹೊಟ್ಟೆಯ ಆಪರೇಷನ್ ಆದಮೇಲೆ ನನ್ನ ತಲೆಗೆ ಹೊಕ್ಕ ಸಂಶಯ ಅದನ್ನು ಮಾಡಿಸಿತು.

ನನ್ನ ಹೆಸರು ಶಾಂತವ್ವ. ಮೂರನೇ ಇಯತ್ತೆಗೇ ಸಾಲೆ ಬಿಟ್ಟವಳು. ಒತ್ತಕ್ಷರಗಳನ್ನು ಮಗ ತಿದ್ದಿದ್ದಾನೆ, ಮಾತು ಮಾತ್ರ ನನ್ನವೇ. ಕುಷ್ಟಗಿಯಲ್ಲಿ ನಮ್ಮದೊಂದು ಖಾನಾವಳಿ ಇದೆ; ಅಡುಗೆ ನನ್ನದು, ಗಲ್ಲಾದಲ್ಲಿ ಕೂರುವುದು ನಮ್ಮ ಮನೆಯವರು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಶುರು ಮಾಡಿದ್ದು. ತೂಕ ಇಳಿಸುವ ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಡುತ್ತಾರೆ: ಇದನ್ನು ಕುಡಿಯಿರಿ, ಇದನ್ನು ತಿನ್ನಬೇಡಿ, ಇಷ್ಟು ನಡೆಯಿರಿ. ತಲೆಯೊಳಗೆ ಏಳುವುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಲ್ಲಿ ಊಟದ ಸಲಹೆ ಕೊಡುವ ಮೇಡಂ ನನ್ನ ಕಥೆ ಕೇಳಿ, "ಅಮ್ಮ, ಇದನ್ನ ಬರೀರಿ, ಮುಂದೆ ಬರೋರು ಓದ್ಲಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ನೂರಾ ಹದಿನೆಂಟು ಕೆಜಿ ಇದ್ದೆ. ಅದರ ಬಗ್ಗೆ ನನಗೆ ನಾಚಿಕೆ ಇರಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಇತ್ತು. ಖಾನಾವಳಿಯ ಬಾಗಿಲಲ್ಲಿ ನನ್ನನ್ನು ನೋಡಿಯೇ ಜನ ಒಳಗೆ ಬರುತ್ತಿದ್ದರು. "ಅಡಿಗಿ ಮಾಡಾಕಿ ಹಿಂಗ್ ಅದಾಳಂದ್ರ ಊಟ ಛಲೋನ ಇರಬೇಕು" ಎನ್ನುತ್ತಿದ್ದರು. ಆದರೆ ಮೊಣಕಾಲು ಕೈಕೊಟ್ಟವು. ರೊಟ್ಟಿ ಬಡಿಯಲು ಕುಳಿತರೆ ನನ್ನನ್ನು ಏಳಿಸಲು ಇಬ್ಬರು ಬೇಕಾಗುತ್ತಿತ್ತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕರೋನಾ ಮುಗಿದು ಎರಡು ವರ್ಷಕ್ಕೆ ಹುಬ್ಬಳ್ಳಿಯ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ತೂಕ ಇಳಿಯದೆ ಮೊಣಕಾಲಿಗೆ ಏನೂ ಮಾಡಲಾಗುವುದಿಲ್ಲ, ತೂಕ ಇಳಿಯಬೇಕಾದರೆ ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡಬೇಕು.

ನನ್ನ ಮಗ ಮಂಜುನಾಥ ಪಶು ಆಸ್ಪತ್ರೆಯಲ್ಲಿ ನೌಕರಿ ಮಾಡುತ್ತಾನೆ. ಮೊದಲು ನಮ್ಮ ಜಿಲ್ಲೆಯದೇ ಸಿದ್ದಾಪುರದಲ್ಲಿದ್ದ. ಅಲ್ಲಿ ಕಾಲುವೆ ದಂಡೆಯ ಕ್ಯಾಂಪಿನ ಹುಡುಗಿ ಲಾವಣ್ಯಾಳನ್ನು ನೋಡಿ, ಮೆಚ್ಚಿ, ನಮಗೆ ಹೇಳುವಷ್ಟರಲ್ಲಿ ಅವಳ ಮನೆಯಲ್ಲಿ ಒಪ್ಪಿಸಿಯೂ ಬಿಟ್ಟಿದ್ದ. ಅವಳ ಅಜ್ಜ ಆಂಧ್ರದಿಂದ ಭತ್ತ ಬೆಳೆಯಲು ಬಂದವರು; ಹಾಗೆ ಬಂದವರು ನೆಲೆಸಿದ ಊರಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಲಾವಣ್ಯಾ ಹೊರಗೆ ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಾಳೆ, ತವರಿನವರ ಜೊತೆ ಮಾತ್ರ ತೆಲುಗು. ನನ್ನನ್ನು 'ಅತ್ತಮ್ಮ' ಎಂದು ಕರೆಯುತ್ತಿದ್ದಳು. ಅವಳು ಫೋನಿನಲ್ಲಿ ತೆಲುಗಿಗೆ ತಿರುಗಿದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಇದು ನನ್ನದೇ ಮಾತಿರಬೇಕು ಎಂದುಕೊಳ್ಳುತ್ತಿದ್ದೆ. ಸಂಶಯದ ಬೀಜ ಆಪರೇಷನ್ನಿಗಿಂತ ಮೊದಲೇ ನನ್ನಲ್ಲಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಮ್ಮ ಪಾಳಿಗಾಗಿ ಕಾಯುತ್ತಾ ಕುಳಿತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು ನನ್ನ ಕಡೆ ವಾಲಿದಳು.

"ಯಾವೂರ್ರಿ?"

"ಕುಷ್ಟಗಿ."

"ಚೀಲ ಕತ್ತರ್ಸೂದೇನು?"

"ಹ್ಞೂಂ."

"ನಮ್ಮ ತಂಗಿದೂ ಅದ ಐತಿ. ಎಚ್ಚರಾ ತಪ್ಪಿಸಿ ಕೊಯ್ತಾರ. ಒಳಗ ಹೋದ ಮ್ಯಾಲೆ ಇನ್ನ ಏನೇನು ತಕ್ಕೊಂತಾರೋ, ನಮಗೇನ್ ಗೊತ್ತಾಗತೈತ್ರಿ?"

ಅವಳ ತಂಗಿಯನ್ನು ಒಳಗೆ ಕರೆದರು, ಇಬ್ಬರೂ ಎದ್ದು ಹೋದರು. ಮಾತು ನನ್ನ ಹತ್ತಿರವೇ ಉಳಿಯಿತು. ಮಗನನ್ನು ಮೂಲೆಗೆ ಕರೆದೆ. "ಮಂಜಾ, ನನ್ನ ಕಿಡ್ನಿ ಎರಡೂ ಅದಾವಂತ ಮೊದಲ ಬರಸ್ಕೋ. ಹೊರಗ ಬಂದ ಮ್ಯಾಲೆ ಎಣಸಾಕ ಬರ್ತೈತಿ."

ಅವನು ನಕ್ಕು ಡಾಕ್ಟರಿಗೇ ಹೇಳಿಬಿಟ್ಟ. ಆ ಡಾಕ್ಟರು ಸಿಟ್ಟಾಗಲಿಲ್ಲ. "ತೆಗೆದ ತುಂಡನ್ನ ನಿಮ್ಮ ಮಗನಿಗೆ ತೋರಿಸ್ತೀನಮ್ಮ, ಫೋಟೋನೂ ತಕ್ಕೊಳ್ಳಲಿ" ಎಂದರು. ಹಾಗೆಯೇ ಮಾಡಿದರು. ಎಚ್ಚರಾದ ಮಾರನೆಯ ದಿನ ಮಂಜುನಾಥ ಮೊಬೈಲ್ ತೋರಿಸಿದ. ಒಂದು ತಟ್ಟೆಯಲ್ಲಿ ಉದ್ದನೆಯ, ತೆಳ್ಳನೆಯ ಚೀಲ. ಇಪ್ಪತ್ತೈದು ವರ್ಷ ಸಾವಿರಾರು ಜನರಿಗೆ ಉಣಿಸಿ, ಕೊನೆಗೆ ನಾನು ಉಂಡ ರೊಟ್ಟಿಯೆಲ್ಲ ಇದರೊಳಗೆ ಹೋಗಿತ್ತೇ ಎಂದು ನೋಡುತ್ತಲೇ ಇದ್ದೆ.

"ಈಗ ಎಲ್ಲೈತಿ ಇದು?"

"ಪರೀಕ್ಷಾಕ್ಕ ಕಳಸ್ಯಾರಬೇ."

"ಪಾಸಾದ್ರ ವಾಪಸ್ ಕೊಡ್ತಾರೇನು?"

ಲಾವಣ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಐದು ದಿನ ನನ್ನ ಹತ್ತಿರ ಇದ್ದವಳು ಅವಳೇ. ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸುತ್ತಿದ್ದಳು. ಔಷಧದ ಬಾಟಲಿಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಎಳನೀರು ಅಳೆದು, ಗಡಿಯಾರ ನೋಡಿ, ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಹೆತ್ತ ಮಗಳಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ ಎಂದು ಪಕ್ಕದ ಹಾಸಿಗೆಯವರು ಅಂದರು. ನನಗೆ ಸಂತೋಷವಾಗಬೇಕಿತ್ತು. ಇಷ್ಟು ಯಾಕೆ ಮಾಡುತ್ತಿದ್ದಾಳೆ ಎಂದು ಯೋಚಿಸಿದೆ.

ಆಸ್ಪತ್ರೆಯಲ್ಲಿ ಒಂದು ಪುಡಿ ಕೊಟ್ಟಿದ್ದರು. ಅಷ್ಟು ಕಡಿಮೆ ತಿನ್ನುವವರಿಗೆ ಶಕ್ತಿ ಬರುವುದೇ ಅದರಿಂದ, ದಿನಾ ಕುಡಿಯಲೇಬೇಕು ಎಂದಿದ್ದರು. ಒಂದು ಗುಟುಕು ಕುಡಿದೆ. ಹಸಿ ಹಿಟ್ಟು ಕದಡಿದ ನೀರಿನ ವಾಸನೆ. ಉಗುಳಿದೆ. ಮನೆಗೆ ಬಂದ ಮೇಲೆ ಆ ಡಬ್ಬಿಯನ್ನು ಎಮ್ಮೆಯ ಕಲಗಚ್ಚಿಗೆ ಸುರಿದು, "ಇದು ಮನ್ಯಾಗ ಬಂದ್ರ ನಾ ಹೊರಗ" ಎಂದು ಸಾರಿದೆ. ಆ ಪುಡಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಬದಲಿಗೆ ಲಾವಣ್ಯಾ ದಿನಾ ಹನ್ನೊಂದು ಗಂಟೆಗೆ ಜೀರಿಗೆ, ಕರಿಬೇವು, ಒಂದಿಷ್ಟು ಶುಂಠಿ ಹಾಕಿ ಮಜ್ಜಿಗೆ ಮಾಡಿ ಕೊಡಲು ಶುರು ಮಾಡಿದಳು. ಸ್ವಲ್ಪ ಗಟ್ಟಿ ಇರುತ್ತಿತ್ತು. ರುಚಿ ಇತ್ತು, ಕುಡಿಯುತ್ತಿದ್ದೆ.

ಎರಡು ತಿಂಗಳಲ್ಲಿ ನಾನು ಬೇರೆಯೇ ಹೆಂಗಸಾದೆ. ಬಳೆಗಳು ಕೈ ಕೆಳಗೆ ಬಿಟ್ಟರೆ ಜಾರುತ್ತಿದ್ದವು. ತೋಳಿನ ಚರ್ಮ ಒಣಹಾಕಿದ ಬಟ್ಟೆಯಂತೆ ಜೋತಾಡುತ್ತಿತ್ತು. ಮೊಣಕಾಲು ಹಗುರಾಗಿ, ಯಾರ ಕೈಯನ್ನೂ ಹಿಡಿಯದೆ ಏಳತೊಡಗಿದೆ; ಮೊದಲ ಸಲ ಎದ್ದ ದಿನ ಮನೆಯವರಿಗೆ ತೋರಿಸಲು ಮೂರು ಸಲ ಕುಳಿತು ಎದ್ದೆ. ಆದರೆ ಹಸಿವು ಹೋಗಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುವಾಗ ಬರುವ ವಾಸನೆಗೆ ನನ್ನ ಬಾಯಿ ಸುಮ್ಮನೇ ಇರುತ್ತಿತ್ತು. ಜೀವಮಾನವಿಡೀ ಜೊತೆಗಿದ್ದ ಒಬ್ಬರು ಹೇಳದೇ ಕೇಳದೇ ಎದ್ದು ಹೋದ ಹಾಗೆ. ಒಂದು ದಿನ ಸೊಪ್ಪು ಬೇಳೆಯ ಹಿಂಡಿ ಪಲ್ಯದ ಪಾತ್ರೆಯ ಮುಂದೆ ಕುಳಿತು ಅತ್ತೆ. ಯಾಕೆ ಅಳುತ್ತೀ ಎಂದು ಮನೆಯವರು ಕೇಳಿದರೆ, ಹಸಿವಾಗುತ್ತಿಲ್ಲ ಎಂದು ಹೇಗೆ ಹೇಳುವುದು?

ಊರೂ ಬಿಡಲಿಲ್ಲ. ಬ್ಯಾಂಕಿನಲ್ಲಿ ಪಾಸ್‌ಬುಕ್ಕಿನ ಫೋಟೋ ನೋಡಿ, "ಇವರು ಯಾರು, ನೀವು ಯಾರು? ಅವರನ್ನ ಕರ್ಕೊಂಡು ಬರ್ರಿ" ಎಂದರು. ಸಂತೆಯಲ್ಲಿ ಹೆಂಗಸರು ದನಿ ತಗ್ಗಿಸಿ, "ಸಕ್ರಿ ಐತೇನಬೇ? ಇಲ್ಲಾ, ಆ ದೊಡ್ಡ ರೋಗಾ?" ಎಂದು ಕೇಳುತ್ತಿದ್ದರು. ಆಪರೇಷನ್ ಎಂದರೆ ನಂಬುತ್ತಿರಲಿಲ್ಲ. ದಪ್ಪ ಇರುವುದಕ್ಕೆ ಯಾರಾದರೂ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಾರೆಯೇ? ಹಳೆಯ ಗಿರಾಕಿ, ಲಾರಿ ಓಡಿಸುವ ಹನುಮಂತಪ್ಪ ತಟ್ಟೆಯ ಮುಂದೆ ಕುಳಿತು ಜೋರಾಗಿ ಹೇಳಿದ: "ಶಾಂತಕ್ಕ, ನೀನ ಒಂದ್ ತುತ್ತು ತಿನ್ನಂಗಿಲ್ಲ. ನಮಗ ಮಾತ್ರ ಹಾಕಾತ್ತಿ. ಊಟದಾಗ ಏನೈತಿ, ಖರೇ ಹೇಳು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನ ಮಾತು ನನ್ನ ಕಡೆ ತಿರುಗಿ ನಿಂತಿತು. ಹೌದಲ್ಲ, ನಾನು ಉಣ್ಣುವುದರಲ್ಲಿ ಏನಿದೆ?

ನಾಲ್ಕನೆಯ ತಿಂಗಳಿಗೆ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಹಿಡಿಹಿಡಿಯಾಗಿ ಬರುತ್ತಿತ್ತು. ಅವಸರದಲ್ಲಿ ನಾಲ್ಕು ತುತ್ತು ಉಂಡರೆ ವಾಂತಿ. ಆಗಲೇ ಯಲಬುರ್ಗಾದಿಂದ ನನ್ನ ಅಕ್ಕ ಗಂಗವ್ವ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಕರೆದುಕೊಂಡು ಹೋಗಿ, ಜಡೆ ಬಿಚ್ಚಿ, ಕಣ್ಣ ರೆಪ್ಪೆ ಎಳೆದು, ಉಗುರು ನೋಡಿದಳು.

"ಕೂದಲು ಹೊಂಟಾವ. ಉಂಡದ್ದು ನಿಲ್ಲಂಗಿಲ್ಲ. ಮೈ ಸೊರಗೇತಿ. ಶಾಂತಿ, ಇದು ಆಪರೇಷನ್ ಅಲ್ಲ. ನಿನಗ ಯಾರೋ ಮದ್ದು ಹಾಕ್ಯಾರ."

ನಮ್ಮ ಕಡೆ ಔಷಧಕ್ಕೆ ಔಷಧ ಎನ್ನುತ್ತೇವೆ, ಗುಳಿಗೆಗೆ ಗುಳಿಗೆ ಎನ್ನುತ್ತೇವೆ. ಮದ್ದು ಎಂದರೆ ಅದಲ್ಲ. ಆಗದವರು ಅನ್ನದಲ್ಲಿ, ಮಜ್ಜಿಗೆಯಲ್ಲಿ ಕಲಸಿ ತಿನ್ನಿಸುವಂಥದ್ದು. ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯರನ್ನು ಒಣಗಿಸುತ್ತದೆ ಎಂದು ಸಣ್ಣಂದಿನಿಂದ ಕೇಳಿದ ಮಾತು.

"ಯಾರ್ ಹಾಕ್ತಾರಬೇ ಅಕ್ಕ?"

"ನಿನಗ ಕೈಯಾರ ಕೊಡಾಕಿ ಯಾರು?" ಎಂದಳು ಅಕ್ಕ. ಅಷ್ಟೇ. ಹೆಸರು ಹೇಳಲಿಲ್ಲ.

ಅಷ್ಟರಲ್ಲಿ ಲಾವಣ್ಯಾ ಬಸುರಿ ಎಂದು ಗೊತ್ತಾಗಿ ಮೂರು ತಿಂಗಳಾಗಿತ್ತು. ನಾನು ಎಷ್ಟು ಕುಣಿದಿದ್ದೆ! ಆಗಲೇ ಎರಡು ಹಳೆಯ ಮೆತ್ತನೆಯ ಸೀರೆ ಹರಿದು ಕೂಸಿನ ಬಟ್ಟೆ ಹೊಲಿದಿಟ್ಟಿದ್ದೆ. ಛೇ, ಬಸುರಿ ಹೆಂಗಸಿನ ಮೇಲೆ ಇಂಥ ಮಾತೇ ಎಂದು ಅಕ್ಕನನ್ನು ಬೈದೆ. ಆದರೆ ಮಾರನೆಯ ದಿನದಿಂದ ಲಾವಣ್ಯಾಳ ಕೈಯನ್ನೇ ನೋಡತೊಡಗಿದೆ. ಮಜ್ಜಿಗೆಯನ್ನು ಯಾವಾಗಲೂ ನನಗೆ ಬೆನ್ನು ಮಾಡಿಯೇ ಕಡೆಯುತ್ತಾಳೆ ಏಕೆ? ನನ್ನ ಲೋಟವನ್ನು ಬೇರೆ ಇಡುತ್ತಾಳೆ ಏಕೆ? ಮನೆಯವರು ಒಮ್ಮೆ ಅದೇ ಮಜ್ಜಿಗೆಗೆ ಕೈಹಾಕಿದಾಗ, "ಮಾವಯ್ಯ, ಅದು ಬ್ಯಾಡ, ಅದು ಅತ್ತಮ್ಮಂದು" ಎಂದು ತಡೆದಳು ಏಕೆ?

ಒಂದು ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಡುಗೆಮನೆಯ ಕಿಟಕಿಯೊಳಗಿಂದ ಅವಳು ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಅತ್ತಮ್ಮಕಿ ರೋಜೂ ಮಜ್ಜಿಗಲೋ ಮಂದು ಕಲಿಪಿ ಇಸ್ತುನ್ನಾ. ಆಮೆಕಿ ತೆಲಿಯದು."

ನನಗೆ ತೆಲುಗು ಬರುವುದಿಲ್ಲ. ಆದರೆ ಖಾನಾವಳಿಗೆ ಎಲ್ಲ ಕಡೆಯ ಜನ ಬರುತ್ತಾರೆ, ಅಷ್ಟಿಷ್ಟು ಕಿವಿಗೆ ಬಿದ್ದಿದೆ. ಅತ್ತಮ್ಮನಿಗೆ ದಿನಾ ಮಜ್ಜಿಗೆಯಲ್ಲಿ ಮದ್ದು ಕಲಸಿ ಕೊಡುತ್ತಿದ್ದೇನೆ, ಅವಳಿಗೆ ಗೊತ್ತಿಲ್ಲ.

ಮಗನಿಗೆ ಹೇಳಲಿಲ್ಲ. ಮನೆಯವರಿಗೂ ಹೇಳಲಿಲ್ಲ. ಅವತ್ತು ಹನ್ನೊಂದಕ್ಕೆ ಮಜ್ಜಿಗೆ ಬಂದಾಗ ಕುಡಿದೆ ಕೂಡ. ಬೇಡ ಎಂದರೆ ಅವಳಿಗೆ ಗೊತ್ತಾಗುತ್ತದೆಂದು. ಕುಡಿದು ನೇರ ಬಸ್ ಹತ್ತಿ ಯಲಬುರ್ಗಾಕ್ಕೆ ಹೋದೆ. ಅಕ್ಕ ನನ್ನನ್ನು ಆಟೋದಲ್ಲಿ ಒಂದು ಹಳ್ಳಿಗೆ ಕರೆದೊಯ್ದಳು. ಅಲ್ಲಿ ಮದ್ದು ತೆಗೆಯುವ ಒಬ್ಬ ಮುದುಕಿ ಇದ್ದಳು. ಅವಳು ಯಾವುದೋ ಸೊಪ್ಪಿನ ರಸ ಕುಡಿಸಿದಳು. ಸಣ್ಣ ಮಾಡಿದ ನನ್ನ ಚೀಲಕ್ಕೆ ಒಂದು ಲೋಟ ಒಮ್ಮೆಗೇ! ಒಳಗೆ ಬೆಂಕಿ ಇಟ್ಟ ಹಾಗಾಯಿತು. ಕಣ್ಣು ಕತ್ತಲೆ ಬಂದು, ಹಿತ್ತಾಳೆಯ ತಟ್ಟೆಯ ಮೇಲೆ ಬಾಗಿದೆ. ಹಸಿರು ನೀರಿನ ಜೊತೆ ಬಿಳಿಯ ಒಂದು ಗಂಟು ಬಿತ್ತು.

ಮುದುಕಿ ಅದನ್ನು ಕಡ್ಡಿಯಿಂದ ತಿರುವಿ ತೋರಿಸಿದಳು. "ನೋಡವಾ, ಕರಗಿಲ್ಲ ಇನ್ನ. ಹೊಸಾದು. ಇವತ್ತ ಹಾಕ್ಯಾರ."

ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡೇ ಮನೆಗೆ ಬಂದೆ. ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿ ಇತ್ತು. ಮನೆಯವರು ಗಲ್ಲಾದ ಮುಂದೆ ಕುಳಿತಿದ್ದರು, ಮಂಜುನಾಥ ಕೆಲಸ ಮುಗಿಸಿ ಬಂದಿದ್ದ. ಲಾವಣ್ಯಾ ಬೆಂಚು ಒರೆಸುತ್ತಿದ್ದಳು.

"ನನ್ನ ಮಜ್ಜಿಗ್ಯಾಗ ಏನ್ ಹಾಕ್ತಿ?" ಎಂದೆ.

ಅವಳ ಕೈ ನಿಂತಿತು. ಮಗನ ಮುಖ ನೋಡಿದಳು. ಆಮೇಲೆ ನನ್ನನ್ನು.

"ಹೌದು ಅತ್ತಮ್ಮ. ಹಾಕ್ತೀನಿ."

"ಕೇಳಿದ್ರಿಲ್ಲೋ!" ಎಂದು ಕೂಗಿದೆ. "ಬಾಯಿಬಿಟ್ಟ ಹೇಳಾತಾಳ! ದಿನಾ ಮದ್ದು ಹಾಕಿ ನನ್ನ ಒಣಗ್ಸಾತಾಳ! ಅವರವ್ವಗೂ ಗೊತ್ತೈತಿ!"

ಲಾವಣ್ಯಾ ಒಳಗೆ ಹೋದಳು. ಅಕ್ಕಿಯ ಡ್ರಮ್ಮಿನೊಳಗೆ ಕೈಹಾಕಿ ಒಂದು ಡಬ್ಬಿ ತೆಗೆದು ತಂದು ನನ್ನ ಮುಂದಿಟ್ಟಳು. ಅಂಥದೇ ಡಬ್ಬಿ. ಹುಬ್ಬಳ್ಳಿ ಆಸ್ಪತ್ರೆಯ ಪುಡಿ. ನಾನು ಎಮ್ಮೆಗೆ ಸುರಿದದ್ದರ ತಮ್ಮ.

"ನೀವು ಕುಡಿಯಂಗಿಲ್ಲ ಅಂದ್ರಿ. ಕುಡೀಲಿಲ್ಲಂದ್ರ ಜೀವಕ್ಕ ತ್ರಾಸಂತ ಮೇಡಂ ನನಗ ಫೋನ್ ಮಾಡಿ ಹೇಳಿದ್ರು. ಅದಕ್ಕ ಶುಂಠಿ, ಜೀರಿಗಿ ಹಾಕಿ ವಾಸನಿ ಮುಚ್ಚಿ ಕೊಟ್ಟೆ. ಇವರಿಗೂ ಗೊತ್ತೈತಿ."

ಮಂಜುನಾಥ ತಲೆ ತಗ್ಗಿಸಿದ. "ನಾನ ತಂದುಕೊಟ್ಟೀನಬೇ. ನಿನಗ ಹೇಳಿದ್ರ ಮತ್ತ ಎಮ್ಮಿಗೆ ಹಾಕ್ತಿದ್ದಿ."

"ಮಂದು ಅಂದ್ಯಲ್ಲ ಫೋನಿನ್ಯಾಗ?"

"ನಮ್ಮ ತೆಲುಗಿನ್ಯಾಗ ಔಷಧಕ್ಕ ಮಂದು ಅಂತಾರ ಅತ್ತಮ್ಮ," ಎಂದಳು ಲಾವಣ್ಯಾ. "ತಲಿನೋವಿನ ಗುಳಿಗೀನೂ ಮಂದ."

ಹಿತ್ತಾಳೆಯ ತಟ್ಟೆಗೆ ಬಿದ್ದ ಬಿಳಿಯ ಗಂಟು ಇದೇ ಪುಡಿಯದು, ಮಜ್ಜಿಗೆಯ ಜೊತೆ ಹೊಟ್ಟೆಯಲ್ಲಿ ಗಟ್ಟಿಯಾದದ್ದು. ಸೊಪ್ಪಿನ ರಸದ ವಿಷಯ ಕೇಳಿ ಮಗ ಆಸ್ಪತ್ರೆಗೆ ಫೋನ್ ಮಾಡಿದ. ಆ ಕಡೆಯಿಂದ ಮೇಡಂ ಬೈದದ್ದು ನನಗೂ ಕೇಳಿಸುತ್ತಿತ್ತು. ಒಳಗಿನ ಹೊಲಿಗೆಗೆ ಏನಾದರೂ ಆಗಿದ್ದರೆ ನಾನು ಉಳಿಯುತ್ತಿರಲಿಲ್ಲವಂತೆ. ಎರಡು ದಿನ ಕುಷ್ಟಗಿಯಲ್ಲೇ ಸಲೈನ್ ಹಚ್ಚಿಸಿಕೊಂಡು ಮಲಗಿದೆ. ಆಗಲೂ ಪುಟ್ಟ ಲೋಟದಲ್ಲಿ ನೀರು ಅಳೆದುಕೊಟ್ಟವಳು ಲಾವಣ್ಯಾಳೇ. ಆದರೆ ಮಾತಿಲ್ಲ.

ಓದುವವರಿಗೆ ಒಂದು ನಿಜ ಹೇಳಿಬಿಡುತ್ತೇನೆ. ಸುಳ್ಳು ಬರೆದರೆ ಇದರಿಂದ ಯಾರಿಗೂ ಉಪಯೋಗವಿಲ್ಲ. ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಾಗ ಅವಳು, "ತೋರಿಸಿದ ಡಬ್ಬಿ ಬ್ಯಾರೆ, ಹಾಕಿದ್ದು ಬ್ಯಾರೆ ಇದ್ರ?" ಎಂದಳು. ಅರ್ಧ ದಿನ ನಾನು ಅದನ್ನೂ ನಂಬಿದೆ. ಮೈ ಇಷ್ಟು ಬೇಗ ಬದಲಾದಾಗ, ಕನ್ನಡಿಯಲ್ಲಿ ಕಾಣುವವಳೇ ಯಾರೆಂದು ಗೊತ್ತಾಗದಿದ್ದಾಗ, ಇದನ್ನು ಯಾರೋ ನನಗೆ ಮಾಡಿದ್ದಾರೆ ಎನ್ನುವುದು ಸುಲಭ. ನಾನೇ ಒಪ್ಪಿ ಸಹಿ ಹಾಕಿ ಮಾಡಿಸಿಕೊಂಡೆ ಎನ್ನುವುದು ಕಷ್ಟ.

ಬಸುರಿನ ಏಳನೆಯ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಲಾವಣ್ಯಾಳನ್ನು ಹೆರಿಗೆಗೆ ತವರಿಗೆ ಕಳಿಸಿಕೊಟ್ಟೆವು. ಕರೆದೊಯ್ಯಲು ಬಂದ ಅವಳ ತಾಯಿ ರಮಣಮ್ಮ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅಕ್ಕ ಊರೆಲ್ಲ ಹಬ್ಬಿಸಿದ ಸುದ್ದಿ ಕ್ಯಾಂಪಿನವರೆಗೆ ಮುಟ್ಟಿತ್ತು. ಕಾರು ಹತ್ತುವ ಮೊದಲು ಲಾವಣ್ಯಾ ನನ್ನ ಕಾಲಿಗೆ ನಮಸ್ಕಾರ ಮಾಡಿ, ಎದ್ದು, ನನಗಷ್ಟೇ ಕೇಳುವಂತೆ ಹೇಳಿದಳು:

"ಅತ್ತಮ್ಮ, ಹೆರಿಗಿ ಆದ ಮ್ಯಾಲೆ ಈ ಮನಿಗೆ ಬರಬೇಕೋ ಬ್ಯಾಡೋ, ನನಗ ತಿಳೀವಲ್ದು. ಮದ್ದು ಹಾಕಾಕಿ ಅಂತ ಅನ್ನಿಸ್ಕೊಂಡ ಮನ್ಯಾಗ ನಾಳೆ ನನ್ನ ಕೂಸಿಗೇನರ ಆದ್ರ, ಯಾರ್ ಮ್ಯಾಲೆ ಬರ್ತೈತಿ?"

ಕಾರು ಹೋಯಿತು.

ಆಮೇಲಿನ ಎರಡು ತಿಂಗಳು ಪುಡಿಯನ್ನು ನಾನೇ ಕಲಸಿಕೊಂಡು, ಮೂಗು ಮುಚ್ಚಿಕೊಂಡು ಕುಡಿದೆ. ತಲೆಯ ಮೇಲೆ ಹೊಸ ಕೂದಲು ಚಿಗುರಿತು, ಕೂಸಿನ ಕೂದಲಿನಂತೆ ಮೆತ್ತಗೆ. ಯಲಬುರ್ಗಾಕ್ಕೆ ಹೋಗಿ ಅಕ್ಕನ ನೆರೆಮನೆಯವರ ಮುಂದೆಯೇ, ತಪ್ಪು ನನ್ನದು, ಸೊಸೆಯದಲ್ಲ ಎಂದು ಹೇಳಿ ಬಂದೆ. ಅರ್ಧ ಜನ ನಂಬಿದರು, ಅರ್ಧ ಜನ ನನ್ನ ಮೇಲೆ ಕನಿಕರಪಟ್ಟರು. ಲಾವಣ್ಯಾ ಮಂಜುನಾಥನಿಗೆ ದಿನಾ ಫೋನ್ ಮಾಡುತ್ತಿದ್ದಳು. ನನ್ನ ಕೈಗೆ ಫೋನ್ ಬರುತ್ತಿರಲಿಲ್ಲ.

ಮೊಮ್ಮಗಳು ಹುಟ್ಟಿದಳು! ಆ ದಿನ ಖಾನಾವಳಿಯಲ್ಲಿ ಎಲ್ಲರಿಗೂ ಹೋಳಿಗೆ ಹಾಕಿದೆ. ಹನ್ನೊಂದನೆಯ ದಿನ ಮನೆಯವರು, ಮಂಜುನಾಥ, ನಾನು ಕ್ಯಾಂಪಿಗೆ ಹೋದೆವು. ದಾರಿಯುದ್ದಕ್ಕೂ ಹಸಿರು ಭತ್ತದ ಗದ್ದೆ, ಕಾಲುವೆ ತುಂಬ ನೀರು. ನನಗೆ ಒಂದೂ ಕಾಣಲಿಲ್ಲ. ಕೂಸನ್ನು ಕೈಗೆ ಕೊಡುತ್ತಾರೋ ಇಲ್ಲವೋ ಎಂಬುದೊಂದೇ ಯೋಚನೆ.

ಕೊಡಲಿಲ್ಲ. ಬಾಣಂತಿಯ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. "ಮೊದಲು ಊಟಾ ಮಾಡ್ರಿ" ಎಂದರು ರಮಣಮ್ಮ. ಎಲೆಯ ತುಂಬ ಬಡಿಸಿದರು: ಅನ್ನ, ಬೇಳೆಯ ಪಪ್ಪು, ತುಪ್ಪ, ನಾವು ಪುಂಡಿಪಲ್ಯ ಎನ್ನುವ ಅವರ ಗೋಂಗೂರ, ಹೂರಣ ತುಂಬಿ ಕರಿದ ಬೂರೆ. ಅವರ ಮನೆಯ ಆರೇಳು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಮೂರು ತುತ್ತು ಉಂಡೆ. ಚೀಲ ತುಂಬಿತು. ಕೈ ನಿಲ್ಲಿಸಿದೆ.

ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಅದರಲ್ಲಿ 'ಅನುಮಾನಂ' ಎಂಬ ಮಾತು ಇತ್ತು. ಅದಕ್ಕೆ ತರ್ಜುಮೆ ಬೇಕಿರಲಿಲ್ಲ.

ರಮಣಮ್ಮ ಮುಂದೆ ಬಂದರು. ಬೀಗತಿಯರನ್ನು ಅವರಲ್ಲಿ 'ವದಿನಾ', ಅತ್ತಿಗೆ, ಎಂದು ಕರೆಯುತ್ತಾರೆ. "ಯಾಕ್ರಿ ವದಿನಾ, ನಮ್ಮನಿ ಅನ್ನ ಉಣ್ಣಾಕ ಅಂಜಿಕಿ ಬರ್ತೈತೇನು?"

ನನ್ನ ಚೀಲವೇ ಇಷ್ಟು ಎಂದು ಹೇಳಬಹುದಿತ್ತು. ಆ ಕ್ಷಣ ಅದು ನೆಪದಂತೆಯೇ ಕೇಳಿಸುತ್ತಿತ್ತು. ಇಷ್ಟು ದಿನ ನಾನು ಅವರ ಮಗಳ ಕೈ ನೋಡಿದ್ದೆ, ಈಗ ಅವರೆಲ್ಲರೂ ನನ್ನ ಕೈ ನೋಡುತ್ತಿದ್ದರು. ನಾನು ಉಣ್ಣತೊಡಗಿದೆ. ಅನ್ನವನ್ನೆಲ್ಲ ಉಂಡೆ. ಪಪ್ಪು ಉಂಡೆ. ಎರಡು ಬೂರೆ ತಿಂದೆ. "ಶಾಂತಾ, ಸಾಕು" ಎಂದು ಮನೆಯವರು ಅಂದರೂ ಕೇಳದೆ ಎಲೆ ಖಾಲಿ ಮಾಡಿದೆ.

ಕೈ ತೊಳೆಯುವಷ್ಟರಲ್ಲಿ ಎದೆ ಬಡಿದುಕೊಳ್ಳತೊಡಗಿತು, ಮೈಯೆಲ್ಲ ತಣ್ಣನೆಯ ಬೆವರು. ದನದ ಕೊಟ್ಟಿಗೆಯ ಗೋಡೆ ಹಿಡಿದು ಉಂಡದ್ದನ್ನೆಲ್ಲ ಕಾರಿಕೊಂಡೆ. ರಮಣಮ್ಮ ಹಿಂದೆ ಬಂದವರು ಬೆಳ್ಳಗಾಗಿ ನಿಂತರು. "ಅಯ್ಯೋ ದೇವುಡಾ! ಈಗ ನಾವೂ ಹಾಕೀವಿ ಅಂತಾರ!"

ಆಗ ಬಾಣಂತಿ ಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಹನ್ನೊಂದು ದಿನದ ಬಾಣಂತಿ, ತಲೆಗೆ ಬಟ್ಟೆ ಬಿಗಿದುಕೊಂಡು, ಗಾಳಿಗೆ ಹೊರಗೆ ಬರಬಾರದವಳು, ಅಂಗಳ ದಾಟಿ ಬಂದಳು. ಬಂದು ನನ್ನ ಹಣೆ ಹಿಡಿದಳು.

"ಎಷ್ಟು ತುತ್ತು ಉಣಬೇಕಂತ ಮರ್ತ್ರೇನು? ಯಾರಿಗೆ ತೋರ್ಸಾಕ ಉಂಡ್ರಿ ಇಷ್ಟು?"

"ನಿಮ್ಮವ್ವಗ. ಉಣಲಿಲ್ಲಂದ್ರ ನಾ ಸಂಶೇ ಪಡಾತೀನಂತ ತಿಳ್ಕೊಂಡ್ರ?"

"ಸಂಶೇ ಪಟ್ಟಾಕಿ ನೀವ. ಈಗ ಅದಕ್ಕ ಅಂಜಿ ಸಾಯಾಕ ನಿಂತಾಕೀನೂ ನೀವ!" ಎಂದಳು. ಬೈಯುತ್ತಲೇ ಅವ್ವನಿಗೆ ತೆಲುಗಿನಲ್ಲಿ ನೀರು ತರಲು ಹೇಳಿದಳು.

ಗೋಡೆಗೆ ಒರಗಿದ್ದ ಹೆಂಗಸರೆಲ್ಲ ಅಂಗಳಕ್ಕೆ ಬಂದಿದ್ದರು. ನಾನು ಬಾಯಿ ಒರೆಸಿಕೊಂಡು ರಮಣಮ್ಮನ ಎರಡೂ ಕೈ ಹಿಡಿದೆ. "ವದಿನಾ, ನಿನ್ನ ಮಗಳು ಕೊಟ್ಟಿದ್ದು ಮಂದು. ನಾ ಕೇಳಿಸ್ಕೊಂಡಿದ್ದು ಮದ್ದು. ಆಕಿ ಕೊಟ್ಟಿದ್ದಕ್ಕ ಬದುಕೀನಿ. ತಪ್ಪಾತು. ಎಲ್ಲಾರ ಮುಂದ ಹೇಳಾತೀನಿ, ತಪ್ಪಾತು."

ರಮಣಮ್ಮ ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು. "ಮೂರು ತುತ್ತ ಸಾಕಂತ ಹೇಳಬಾರದಾಗಿತ್ತೇನ್ರಿ? ಬೂರೆ ಹಾಳು ಮಾಡಿದ್ರಿ" ಎಂದರು.

ಕೋಣೆಯೊಳಗೆ ಚಾಪೆಯ ಮೇಲೆ ಕೂರಿಸಿ ಲಾವಣ್ಯಾ ಕೂಸನ್ನು ತಂದಳು. ಮೊದಲಿನ ನಾನಾಗಿದ್ದರೆ ಹೊಟ್ಟೆಯೇ ತೊಡೆಯನ್ನೆಲ್ಲ ತುಂಬಿರುತ್ತಿತ್ತು, ಕೂಸನ್ನು ಇಡಲು ಜಾಗವೇ ಇರುತ್ತಿರಲಿಲ್ಲ. ಈಗ ಅಲ್ಲಿ ಮಡಿಲು ಇತ್ತು. ಕೂಸು ಅದರೊಳಗೆ ಸರಿಯಾಗಿ ಕೂತಿತು. ಅಷ್ಟು ದಿನ ಆ ಜೋತುಬಿದ್ದ ಚರ್ಮವನ್ನು, ಸಡಿಲಾದ ಮೈಯನ್ನು ಬೈದುಕೊಂಡಿದ್ದೆ. ಅಂದು ಬಿಟ್ಟುಬಿಟ್ಟೆ.

"ಐದನೇ ತಿಂಗಳಿಗೆ ಬರ್ತೀನಿ," ಎಂದಳು ಲಾವಣ್ಯಾ. "ಆದ್ರ ಒಂದು ಕರಾರು. ನನ್ನ ಮ್ಯಾಲೆ ಸಂಶೇ ಬಂದ್ರ ನನ್ನ ಮುಂದ ಹೇಳ್ಬೇಕು. ಯಲಬುರ್ಗಾಕ್ಕ ಹೋಗಿ ಅಲ್ಲ. ನಾನೂ ಇನ್ನ ಮ್ಯಾಲೆ ನಿಮಗ ಮುಚ್ಚಿ ಏನೂ ಮಾಡಂಗಿಲ್ಲ."

"ಆತು. ಹಂಗಾದ್ರ ಈಗೊಂದು ಐತಿ."

ಅವಳ ಮುಖ ಬಿಗಿಯಾಯಿತು. "ಹೇಳ್ರಿ."

"ಕೂಸು ಭಾಳ ಹಗುರ ಐತಿ. ಮೂರು ಕೆಜಿ ಅಂತ ನಿನ್ನ ಗಂಡ ಹೇಳ್ಯಾನ. ನಾ ನಂಬಂಗಿಲ್ಲ."

ಲಾವಣ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತಾ ಕಣ್ಣೀರು ಬಂತು. "ಮನಿಗೆ ಬಂದ ಮ್ಯಾಲೆ ನೀವ ತೂಗ್ರಿ ಹಂಗಾದ್ರ!"

ಬಂದಳು. ಐದು ತಿಂಗಳು ತುಂಬಿದ ಮಾರನೆಯ ದಿನವೇ. ಹೊಸ್ತಿಲಲ್ಲಿ ಆರತಿ ಮಾಡಿದೆ, ಒಳಗೆ ಬಂದ ಕೂಡಲೇ ಖಾನಾವಳಿಯ ಕಾಯಿಪಲ್ಯ ತೂಗುವ ತಕ್ಕಡಿಯ ಮೇಲೆ ಟವೆಲ್ ಹಾಸಿ ಕೂಸನ್ನು ಮಲಗಿಸಿದೆ. "ಕೂಸನ್ನ ಬದ್ನಿಕಾಯಿಹಂಗ ತೂಗ್ತಾರೇನು, ದೃಷ್ಟಿ ಆಗತೈತಿ" ಎಂದು ಮನೆಯವರು ಬೈದರು. ಆರೂವರೆ ಕೆಜಿ. ಎತ್ತಿ ಮತ್ತೆ ಮಲಗಿಸಿದೆ. ಆರೂವರೆ. ತುಂಗಾ ಕೈಕಾಲು ಬಡಿದು ನಕ್ಕಳು. ಮೂರನೆಯ ಸಲ ಮಲಗಿಸಿದೆ.

"ಇನ್ನೂ ಸಂಶೇ ಹೋಗಿಲ್ಲೇನು ಅತ್ತಮ್ಮ?"

"ಹೋತವಾ," ಎಂದೆ. "ಇದು ಸಂತೋಷಕ್ಕ."